300 ಎಂಬಿಪಿಎಸ್ ಫೈಬರ್ ಹಾಕಿಸಿದೆ, ಬರುತ್ತಿರುವುದು 11.2. ಇದು ಮೋಸ ಅಲ್ವಾ?

ಸಾಗರದ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ಮನೆಗೆ ಹೊಸ ಫೈಬರ್ ಹಾಕಿಸಿದೆ. ಪ್ಲಾನ್ 300 ಎಂಬಿಪಿಎಸ್. ಮೊದಲು ಇದ್ದದ್ದು 50. ಆರು ಪಟ್ಟು ಸ್ಪೀಡ್ ಬರುತ್ತದೆ ಅಂತ ಅಪ್ಪನ ಹತ್ತಿರ ಹೇಳಿ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿಸಿದ್ದೇನೆ. ನಿನ್ನೆ ಮಹಡಿ ಮೇಲಿನ ನನ್ನ ರೂಮಿನಲ್ಲಿ ಲ್ಯಾಪ್‌ಟಾಪ್‌ಗೆ ಒಂದು ಗೇಮ್ ಡೌನ್‌ಲೋಡ್ ಹಾಕಿದೆ. 11.2 ಅಂತ ತೋರಿಸುತ್ತದೆ. ಒಮ್ಮೊಮ್ಮೆ 11.3. ಅದರ ಮೇಲೆ ಒಂದು ಚೂರೂ ಏರುವುದಿಲ್ಲ. ಹಳೆ ಕನೆಕ್ಷನ್‌ನಲ್ಲೇ 5.6 ಬರುತ್ತಿತ್ತು. ಆರು ಪಟ್ಟು ಎಲ್ಲಿ ಬಂತು, ಬರೀ ಎರಡು ಪಟ್ಟು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್" ಅಂತ ಒಂದೇ ರಾಗ. ಕಂಪನಿ ಹೆಸರು ಇಲ್ಲಿ ಹಾಕುವುದಿಲ್ಲ, ಸುಮ್ನೆ ಜಗಳ ಆಗುತ್ತದೆ. ಗೊತ್ತಿದ್ದವರು ಹೇಳಿ, ಕಂಪ್ಲೇಂಟ್ ಕೊಡಲಾ?

ಬೆಣ್ಣೆದೋಸೆ_ದಾವಣಗೆರೆ:

ಗುರೂ, 8ರಿಂದ ಭಾಗಿಸು. ಕಂಪನಿಯವರು ಹೇಳುವುದು ಬಿಟ್, ನಿನ್ನ ಲ್ಯಾಪ್‌ಟಾಪ್ ತೋರಿಸುವುದು ಬೈಟ್. ಮುಗೀತು. ವಾರಕ್ಕೊಬ್ಬರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ.

ಸಾಗರದ_ಹುಡುಗ:

ಭಾಗಿಸಿದೆ ಅಣ್ಣ. 300 ಭಾಗ 8 ಅಂದರೆ 37.5. ನನಗೆ ಬರುತ್ತಿರುವುದು 11.2. ಮಿಕ್ಕ 26 ಯಾರ ಮನೆಗೆ ಹೋಯಿತು?

ಬೆಣ್ಣೆದೋಸೆ_ದಾವಣಗೆರೆ:

ಹೌದಲ್ಲ. ಪೂರ್ತಿ ಓದದೆ ಉತ್ತರ ಕೊಟ್ಟೆ. ಕ್ಷಮಿಸು. ಹಾಗಿದ್ರೆ ಇದು ಮೋಸಾನೇ ಇರಬೇಕು, ಕಂಪ್ಲೇಂಟ್ ಕೊಡು.

ಲೆಕ್ಕದ_ಮೇಷ್ಟ್ರು:

ಕಂಪ್ಲೇಂಟ್ ಬರೆಯುವ ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಮಕ್ಕಳು ಉತ್ತರ ಸರಿ ಬರೆದು ಮಾನ, ಅಂದರೆ ಯೂನಿಟ್, ಬರೆಯದೆ ಬಿಟ್ಟರೆ ಅರ್ಧ ಅಂಕ ಕತ್ತರಿಸುತ್ತಿದ್ದೆ. ನೀವು ಬರೆದ "11.2" ನೋಡಿದಾಗ ಕೈ ಕೆಂಪು ಪೆನ್ನು ಹುಡುಕಿತು. 11.2 ಏನು? ಮೀಟರಾ, ಲೀಟರಾ?

ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಿಂದೆ 16 ಆಣೆ ಸೇರಿದರೆ ಒಂದು ರೂಪಾಯಿ ಆಗುತ್ತಿತ್ತಲ್ಲ, ಹಾಗೆ. ತಂತಿಯಲ್ಲಿ, ಗಾಜಿನ ಎಳೆಯಲ್ಲಿ ಹೋಗುವುದನ್ನು ಬಿಟ್‌ನಲ್ಲಿ ಅಳೆಯುತ್ತಾರೆ. ಡಿಸ್ಕ್‌ನಲ್ಲಿ ಕೂರುವುದನ್ನು ಬೈಟ್‌ನಲ್ಲಿ ಅಳೆಯುತ್ತಾರೆ. ನಿಮ್ಮ ಪ್ಲಾನ್ 300 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 300 ಮೆಗಾಬಿಟ್. ಡೌನ್‌ಲೋಡ್ ತೋರಿಸುತ್ತಿರುವುದು ಸೆಕೆಂಡಿಗೆ 11.2 ಮೆಗಾಬೈಟ್. ಅದನ್ನು 8ರಿಂದ ಗುಣಿಸಿ, 89.6 ಮೆಗಾಬಿಟ್. ಅಂದರೆ 300ರಲ್ಲಿ ಹೆಚ್ಚುಕಮ್ಮಿ 90 ಬರುತ್ತಿದೆ. 11 ಅಲ್ಲ. ಕಡಿಮೆಯೇ, ಒಪ್ಪಿದೆ. ಆದರೆ ನೀವು ಹೆದರಿದಷ್ಟು ಕಡಿಮೆ ಅಲ್ಲ.

2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಮಾಡಿತು. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್, ಸಾಕಿತ್ತು. 2 ಎಂಬಿಪಿಎಸ್ ಅಂದರೆ ಬೈಟ್ ಲೆಕ್ಕದಲ್ಲಿ ಸೆಕೆಂಡಿಗೆ 250 ಕಿಲೋಬೈಟ್. ಅಷ್ಟೇ!

ಡೆಸ್ಕ್_ಅಕ್ಕ_ಹುಬ್ಬಳ್ಳಿ:

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ನಮ್ಮ ಭಾಷೆಯ ಒಂದು ತೊಂದರೆಯೂ ಇದೆ. ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಗ್ಲಿಷ್‌ನಲ್ಲಿ ಸಣ್ಣ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದೇ ಇಲ್ಲ! "ಎಂಬಿ" ಅಂತ ಬರೆದ ಕೂಡಲೇ ಎರಡೂ ಒಂದೇ ಆಗಿಬಿಡುತ್ತದೆ. "ಪಂಚಾಯಿತಿಗೆ 100 ಎಂಬಿ ವೇಗದ ಇಂಟರ್ನೆಟ್" ಅಂತ ಕಾಪಿ ಬರುತ್ತದೆ. ಹಳ್ಳಿಗಳಿಗೆ ಫೈಬರ್ ಎಳೆಯುವ ಸರ್ಕಾರದ ಯೋಜನೆ ಭಾರತ್‌ನೆಟ್‌ನವರು ಹೇಳಿದ್ದು 100 ಮೆಗಾಬಿಟ್, ಓದುವವರು ತಿಳಿದುಕೊಳ್ಳುವುದು 100 ಮೆಗಾಬೈಟ್. ಎಂಟು ಪಟ್ಟು ವ್ಯತ್ಯಾಸ. ನಾನಂತೂ ಈಗ "ಮೆಗಾಬಿಟ್", "ಮೆಗಾಬೈಟ್" ಅಂತ ಪೂರ್ತಿ ಬರೆಸುತ್ತೇನೆ. ಜಾಗ ಜಾಸ್ತಿ ತಿನ್ನುತ್ತದೆ ಅಂತ ಪೇಜ್ ಮಾಡುವವರ ಗೊಣಗಾಟ ಇದ್ದದ್ದೇ.

1024_ಗಟ್ಟಿಗ:

ಎಲ್ಲರೂ ತಪ್ಪು ಲೆಕ್ಕ ಮಾಡುತ್ತಿದ್ದೀರಿ. ಕಂಪ್ಯೂಟರ್‌ನಲ್ಲಿ ಎಲ್ಲಾ 1024. 1 ಜಿಬಿಪಿಎಸ್ ಅಂದರೆ 1024 ಎಂಬಿಪಿಎಸ್. 300 ಎಂಬಿಪಿಎಸ್ ಅಂದರೆ 300 ಗುಣಿಸು 1024 ಗುಣಿಸು 1024. ಇದನ್ನು 1000 ಅಂತ ಇಳಿಸಿದ್ದು ಹಾರ್ಡ್ ಡಿಸ್ಕ್ ಕಂಪನಿಗಳು, ಜನರಿಗೆ ಟೋಪಿ ಹಾಕಲು. 1 ಟಿಬಿ ಡಿಸ್ಕ್ ತಂದು ಹಾಕಿದರೆ 931 ಅಂತ ತೋರಿಸುತ್ತದೆ. ಉಳಿದ 69 ಅವರ ಹೊಟ್ಟೆಗೆ.

ರಾತ್ರಿ_ಪಾಳಿ:

ಇಲ್ಲ ಸರ್. ನೆಟ್‌ವರ್ಕ್ ಸ್ಪೀಡ್‌ನಲ್ಲಿ ಕಿಲೋ ಅಂದರೆ 1000, ಮೆಗಾ ಅಂದರೆ 10 ಲಕ್ಷ, ಗಿಗಾ ಅಂದರೆ 100 ಕೋಟಿ. ಯಾವತ್ತೂ ಹಾಗೇ. ಹಾರ್ಡ್ ಡಿಸ್ಕ್‌ಗೂ ಇದಕ್ಕೂ ಸಂಬಂಧ ಇಲ್ಲ, ಟೆಲಿಫೋನ್ ಕಾಲದಿಂದಲೂ ಹೀಗೇ ಇದೆ. ನಾನು ನೆಟ್‌ವರ್ಕ್ ಮಾನಿಟರಿಂಗ್‌ನಲ್ಲಿ ಕೆಲಸ ಮಾಡುವವನು, ಇಡೀ ರಾತ್ರಿ ಇದೇ ಗ್ರಾಫ್ ನೋಡುತ್ತಾ ಕೂರುತ್ತೇನೆ.

1024 ಬಂದದ್ದು ಮೆಮೊರಿ ಚಿಪ್‌ನಿಂದ. ಅಲ್ಲಿ ಎರಡರ ಘಾತದಲ್ಲೇ ಎಣಿಸಬೇಕು, ಬೇರೆ ದಾರಿ ಇಲ್ಲ. ಅದೇ ಅಭ್ಯಾಸ ಫೈಲ್ ಸೈಜಿಗೂ ಅಂಟಿಕೊಂಡಿತು. ನಿಮ್ಮ 1 ಟಿಬಿ ಡಿಸ್ಕ್‌ನಲ್ಲಿ ನಿಜವಾಗಿಯೂ 1 ಲಕ್ಷ ಕೋಟಿ ಬೈಟ್ ಇದೆ. ವಿಂಡೋಸ್ ಅದನ್ನು ಮೂರು ಸಲ 1024ರಿಂದ ಭಾಗಿಸಿ 931 ಅನ್ನುತ್ತದೆ, ಆಮೇಲೆ ಪಕ್ಕದಲ್ಲಿ ಜಿಬಿ ಅಂತಲೇ ಬರೆಯುತ್ತದೆ. ಮ್ಯಾಕ್‌ನವರು 2009ರಲ್ಲಿ 1000ದ ಲೆಕ್ಕಕ್ಕೆ ಬಂದರು. ಅದೇ ಡಿಸ್ಕ್ ಅಲ್ಲಿ 1000 ಜಿಬಿ. ಯಾರ ಹೊಟ್ಟೆಗೂ ಏನೂ ಹೋಗಿಲ್ಲ.

ಈ ಗೊಂದಲ ಬಿಡಿಸಲು 1998ರಲ್ಲೇ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಅಂತ ಬೇರೆ ಹೆಸರು ಕೊಟ್ಟಿದ್ದಾರೆ. 1024ರ ಲೆಕ್ಕ ಇದ್ದರೆ ಆ ಹೆಸರು ಬಳಸಬೇಕು. ಅಂಗಡಿಗೆ ಹೋಗಿ "8 ಗಿಬಿಬೈಟ್ ರ‍್ಯಾಮ್ ಕೊಡಿ" ಅಂತ ಕೇಳಿ ನೋಡಿ, ಮೇಲಿಂದ ಕೆಳಗೆ ನೋಡುತ್ತಾರೆ.

1024_ಗಟ್ಟಿಗ:

ನಾನು ಕಾಲೇಜಿನಲ್ಲಿ ಓದಿದ್ದು 1024. ಪರೀಕ್ಷೆಯಲ್ಲೂ ಅದನ್ನೇ ಬರೆದು ಪಾಸಾಗಿದ್ದೇನೆ.

ಲೆಕ್ಕದ_ಮೇಷ್ಟ್ರು:

ಪಾಸು ಮಾಡಿದವರ ತಪ್ಪು. ನಮ್ಮ ಅಜ್ಜನ ಕಾಲದಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಆದರೆ ಈ ಊರಿನ ಕೊಳಗ ಬೇರೆ, ಪಕ್ಕದ ಊರಿನ ಕೊಳಗ ಬೇರೆ. ಭತ್ತ ಅಳೆಯುವಾಗ ಮೊದಲ ಜಗಳ ಕೊಳಗ ಯಾರ ಮನೆಯದು ಅಂತ. ಇದೂ ಅದೇ ಕಥೆ, ಬೈಟ್‌ನಲ್ಲಿ ನಡೆಯುತ್ತಿದೆ ಅಷ್ಟೇ.

ರಾತ್ರಿ_ಪಾಳಿ:

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. 1024ರ ಜಗಳ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಸಾಗರದವರೇ, ನಿಮ್ಮ ಡೌನ್‌ಲೋಡ್ ಪ್ರೋಗ್ರಾಂ ಬಹುಶಃ 1024ರ ಲೆಕ್ಕದಲ್ಲಿ ತೋರಿಸುತ್ತಿದೆ. ಹಾಗಾದರೆ 11.2ನ್ನು ಬರೀ 8ರಿಂದ ಗುಣಿಸಿದರೆ ಸಾಲದು. 11.2 ಗುಣಿಸು 1.048576 (1024 ಗುಣಿಸು 1024, ಭಾಗ 10 ಲಕ್ಷ), ಅಂದರೆ 11.74. ಅದನ್ನು 8ರಿಂದ ಗುಣಿಸಿದರೆ 93.95. ಒಮ್ಮೊಮ್ಮೆ 11.3 ಅಂದಿರಲ್ಲ, ಅದು 94.8.

94, 95. ಈ ನಂಬರ್ ನೋಡಿದ ಕೂಡಲೇ ನಮ್ಮ ಕೆಲಸದವರಿಗೆ ತಲೆಯಲ್ಲಿ ಲೈಟ್ ಹತ್ತುತ್ತದೆ. ಎಲ್ಲೋ 100ರ ತಂತಿ ಇದೆ.

ನೂರು ಎಂಬಿಪಿಎಸ್ ಪೋರ್ಟ್‌ನಲ್ಲಿ, ಅಂದರೆ ವೈರ್ ಚುಚ್ಚುವ ಕಿಂಡಿಯಲ್ಲಿ, ನೂರಕ್ಕೆ ನೂರು ಫೈಲ್ ಹೋಗುವುದಿಲ್ಲ. ಫೈಲನ್ನು ಚೂರು ಮಾಡಿ ಕಳಿಸುತ್ತಾರೆ. ಒಂದು ಚೂರು ತಂತಿ ಮೇಲೆ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ಮೊದಲ 8 ಬೈಟ್ "ಬಂದೆ, ಬಂದೆ" ಅಂತ ಕೂಗುವುದಕ್ಕೆ. 14 ಬೈಟ್ ಯಾರಿಂದ ಯಾರಿಗೆ ಅನ್ನುವ ವಿಳಾಸ. ಕೊನೆಗೆ 4 ಬೈಟ್ ತಪ್ಪು ಹುಡುಕಲು, ಆಮೇಲೆ 12 ಬೈಟ್‌ನಷ್ಟು ಹೊತ್ತು ಸುಮ್ಮನಿರಬೇಕು. ನಡುವೆ ಉಳಿದದ್ದು 1500. ಅದರಲ್ಲೂ ಐಪಿ, ಟಿಸಿಪಿ ಅನ್ನುವ ಇಂಟರ್ನೆಟ್ ನಿಯಮಗಳ ಚೀಟಿಗೆ ತಲಾ 20 ಹೋಗುತ್ತದೆ. ನಿಮ್ಮ ಗೇಮ್‌ಗೆ ಸಿಕ್ಕಿದ್ದು 1460. ಭಾಗಿಸಿ ನೋಡಿ, ನೂರಕ್ಕೆ 94.9.

ಹಾಗಾಗಿ 100ರ ಪೋರ್ಟ್‌ನಲ್ಲಿ ಗರಿಷ್ಠ 94.9. ಗಿಗಾಬಿಟ್ ಪೋರ್ಟ್‌ನಲ್ಲಿ 949. ಕೆಲವು ಕಂಪ್ಯೂಟರ್‌ಗಳು ಪ್ರತಿ ಚೂರಿಗೂ 12 ಬೈಟ್ ಸಮಯದ ಮುದ್ರೆ ಹಾಕುತ್ತವೆ, ಅಲ್ಲಿ 941. ಕಂಪನಿಯ ಕಡೆ ಲೈನ್ ತುಂಬಿ ತುಳುಕುತ್ತಿದ್ದರೆ ನಂಬರ್ ಆಚೀಚೆ ಕುಣಿಯುತ್ತಿತ್ತು. ನಿಮ್ಮದು ಗೋಡೆಗೆ ತಲೆ ಇಟ್ಟ ಹಾಗೆ ನಿಂತಿದೆ. ಫೈಬರ್ ಮೇಲೆ ನನಗೆ ಅನುಮಾನ ಇಲ್ಲ, ಫೈಬರ್ ಮುಗಿದ ಮೇಲಿನದ್ದರ ಮೇಲೆ ಇದೆ. ಲ್ಯಾಪ್‌ಟಾಪ್ ವೈಫೈನಲ್ಲಾ, ವೈರ್‌ನಲ್ಲಾ?

ಸಾಗರದ_ಹುಡುಗ:

ವೈರ್. ವೈರ್ ಹಾಕಿದರೆ ಸ್ಪೀಡ್ ಜಾಸ್ತಿ ಅಂತ ಯಾರೋ ಹೇಳಿದ್ದರು.

ಆದರೆ ಸರ್, ನನಗೆ ಫೈಬರ್ ಮೇಲೇ ಅನುಮಾನ. ರೂಟರ್ ಪೇಜ್ ಒಳಗೆ ಹೋಗಿ ನೋಡಿದೆ, ಆರ್‌ಎಕ್ಸ್ ಪವರ್ ಅಂತ ಒಂದು ಜಾಗದಲ್ಲಿ ಮೈನಸ್ 21.4 ಇದೆ. ಮೈನಸ್ ಅಂದರೆ ಸೊನ್ನೆಗಿಂತಲೂ ಕಮ್ಮಿ ಅಲ್ವಾ? ಬೆಳಕೇ ಬರುತ್ತಿಲ್ಲವಾ?

ಎಳೆ_ಜೋಡಿಸುವವ:

ನಾನು ಫೈಬರ್ ಸ್ಪ್ಲೈಸಿಂಗ್, ಅಂದರೆ ಎಳೆ ಜೋಡಿಸುವ ಕೆಲಸ, ಮಾಡುತ್ತೇನೆ, ಇದು ನನ್ನ ಏರಿಯಾ. ಹೆದರಬೇಡಿ. ಮೈನಸ್ 21 ಚೆನ್ನಾಗೇ ಇದೆ. ಮನೆಗೆ ಕೊಡುವ ಮಾಮೂಲಿ ಜಿಪಾನ್ (ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಪದ್ಧತಿ) ಬಾಕ್ಸ್ ಮೈನಸ್ 27ರ ತನಕ ಓದುತ್ತದೆ. ನಾವು 25 ದಾಟಿದರೆ ಕಂಬ ಹತ್ತಿ ಕನೆಕ್ಟರ್ ಒರೆಸಿ ನೋಡುತ್ತೇವೆ.

ಆರ್‌ಎಕ್ಸ್ ಪವರ್ ಅಂದರೆ ಬಾಕ್ಸ್‌ಗೆ ಬಂದು ಬೀಳುವ ಬೆಳಕು, ಅದಕ್ಕೆ ಡಿಬಿಎಂ ಅಂತ ಬೇರೆಯೇ ಅಳತೆ. ಒಂದು ಮಿಲಿವ್ಯಾಟ್ ಅಂದರೆ ಸೊನ್ನೆ ಡಿಬಿಎಂ. ಅದರ ಹತ್ತನೇ ಒಂದು ಭಾಗ ಮೈನಸ್ 10. ನೂರನೇ ಒಂದು ಭಾಗ ಮೈನಸ್ 20. ಮೂರು ಇಳಿದರೆ ಬೆಳಕು ಅರ್ಧ ಆದ ಹಾಗೆ. ನಿಮ್ಮ ಮನೆಗೆ ಬರುತ್ತಿರುವುದು ಸುಮಾರು 7 ಮೈಕ್ರೋವ್ಯಾಟ್ ಬೆಳಕು. ಕಣ್ಣಿಗೆ ಕಾಣುವ ಬೆಳಕೂ ಅಲ್ಲ ಅದು, 1490 ನ್ಯಾನೋಮೀಟರ್. ಆದರೂ ಎಳೆಯ ತುದಿಗೆ ಕಣ್ಣಿಟ್ಟು ನೋಡಬೇಡಿ, ಕೆಲವರಿಗೆ ಆ ಚಟ ಇರುತ್ತದೆ.

ಇನ್ನೊಂದು. ಬೆಳಕು ಸ್ವಲ್ಪ ಕಮ್ಮಿ ಆದರೆ ಸ್ಪೀಡ್ ಸ್ವಲ್ಪ ಕಮ್ಮಿ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಎಳೆಯ ಒಳಗಿನ ಸ್ಪೀಡ್ ಒಂದೇ. ಓದುವಷ್ಟು ಬೆಳಕಿದ್ದರೆ ಪೂರ್ತಿ ಓಡುತ್ತದೆ. ಇಲ್ಲದಿದ್ದರೆ ತಪ್ಪು ಜಾಸ್ತಿ ಆಗಿ ಕೆಂಪು ಲೈಟ್ ಹತ್ತುತ್ತದೆ. ರಾತ್ರಿ ಪಾಳಿಯವರು ಹೇಳಿದ್ದು ಸರಿ, ವೈರ್ ನೋಡಿ.

ರಾತ್ರಿ_ಪಾಳಿ:

ಎರಡು ಕೆಲಸ ಮಾಡಿ. ಕೆಳಗೆ ರೂಟರ್ ಪಕ್ಕ ನಿಂತು ಮೊಬೈಲ್‌ನಲ್ಲಿ 5 ಗಿಗಾಹರ್ಟ್ಸ್ ವೈಫೈ ಹಿಡಿದು ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್, ಈಥರ್ನೆಟ್, ಅಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತದೆ. ಏನಿದೆ ಹೇಳಿ.

ಸಾಗರದ_ಹುಡುಗ:

ಮೊಬೈಲ್‌ನಲ್ಲಿ 291. ಲ್ಯಾಪ್‌ಟಾಪ್‌ನಲ್ಲಿ ಲಿಂಕ್ ಸ್ಪೀಡ್ 100/100.

ಅಯ್ಯೋ.

ಬೆಣ್ಣೆದೋಸೆ_ದಾವಣಗೆರೆ:

ಕಂಪ್ಲೇಂಟ್ ಕೊಡು ಅಂದದ್ದು ವಾಪಸ್ ತಗೊಂಡೆ.

ಎಳೆ_ಜೋಡಿಸುವವ:

ಆ ವೈರ್ ಯಾವಾಗಿನದು? ಎರಡೂ ತುದಿಯ ಪ್ಲಗ್ ಬೆಳಕಿಗೆ ಹಿಡಿದು ನೋಡಿ, ಒಳಗೆ ಎಂಟು ಬಣ್ಣ ಕಾಣಬೇಕು. 100ಕ್ಕೆ ನಾಲ್ಕೇ ತಂತಿ ಸಾಕು, ಒಂದು, ಎರಡು, ಮೂರು, ಆರನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ಒಂದೇ ಒಂದು ಕಡಿದುಹೋಗಿದ್ದರೂ ಎರಡೂ ಕಡೆಯ ಪೋರ್ಟ್ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ನಿಮಗೆ ಒಂದು ಮಾತೂ ಹೇಳುವುದಿಲ್ಲ.

ಸಾಗರದ_ಹುಡುಗ:

ಸಿಕ್ಕಿತು. ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಮಹಡಿಗೆ ಹೋದ ವೈರ್ 2014ರಲ್ಲಿ ಲೋಕಲ್ ಕೇಬಲ್ ಹುಡುಗ ಎಳೆದದ್ದು. ಆಗ ಕೆಳಗಡೆ ಬಾಡಿಗೆಗೆ ಒಬ್ಬರು ಇದ್ದರು, ಅವರಿಗೂ ನಮಗೂ ಇಂಟರ್ನೆಟ್. ಆ ಮಹಾನುಭಾವ ಎರಡು ವೈರ್ ಎಳೆಯುವ ಬದಲು ಒಂದೇ ವೈರ್‌ನಲ್ಲಿ ಇಬ್ಬರಿಗೂ ಕೊಟ್ಟಿದ್ದಾನೆ! ಕಿತ್ತಳೆ ಜೋಡಿ, ಹಸಿರು ಜೋಡಿ ನಮಗೆ. ನೀಲಿ ಜೋಡಿ, ಕಂದು ಜೋಡಿ ಅವರಿಗೆ. ಬಾಡಿಗೆಯವರು ಹೋದ ಮೇಲೆ ನೀಲಿ, ಕಂದು ತಂತಿಗಳನ್ನು ಕತ್ತರಿಸಿ, ಹಿಂದಕ್ಕೆ ಮಡಚಿ, ಮೇಲೆ ಕಪ್ಪು ಟೇಪ್ ಸುತ್ತಿದ್ದಾನೆ. ಟೇಪ್ ಬಿಚ್ಚಿದರೆ ನಾಲ್ಕು ತಂತಿ ಮೀಸೆ ಹಾಗೆ ಹೊರಗೆ ಬಂದವು. ಟೇಪಿನ ಅಂಟು ಇನ್ನೂ ಬೆರಳಲ್ಲಿದೆ.

ಹಳೆ ಪ್ಲಾನ್ 50 ಇದ್ದಾಗ ಇದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. 100ರ ತಂತಿಯಲ್ಲಿ 50 ಆರಾಮವಾಗಿ ಹೋಗುತ್ತಿತ್ತು. ಒಂಬತ್ತು ಹತ್ತು ವರ್ಷ ಗೋಡೆ ಮೇಲೆ ಕೂತು ನಗುತ್ತಿತ್ತು ಅದು.

ಎಳೆ_ಜೋಡಿಸುವವ:

ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಿ. ಪ್ಲಗ್‌ನ ಕೊಕ್ಕೆ ಕೆಳಗೆ ಬರುವ ಹಾಗೆ ಹಿಡಿದು ಎಡದಿಂದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂರುತ್ತದೆ, ಹೊಸಬರು ಎಡವುವುದು ಅಲ್ಲೇ. ಎರಡೂ ತುದಿ ಒಂದೇ ರೀತಿ ಇರಲಿ. ವೈರ್ ಮೇಲೆ ಕ್ಯಾಟ್ 5ಇ ಅಂತ ದರ್ಜೆ ಅಚ್ಚಾಗಿದ್ದರೆ ಗಿಗಾಬಿಟ್ ಧಾರಾಳವಾಗಿ ಓಡುತ್ತದೆ.

ಸಾಗರದ_ಹುಡುಗ:

ಕ್ಯಾಟ್ 5ಇ ಅಂತಲೇ ಇದೆ. ಪೇಟೆಯ ಕಂಪ್ಯೂಟರ್ ಅಂಗಡಿ ಹುಡುಗನನ್ನು ಕರೆದು ಮಾಡಿಸಿದೆ. ಲಿಂಕ್ ಸ್ಪೀಡ್ 1000/1000! ಅದೇ ಗೇಮ್ ಮತ್ತೆ ಹಾಕಿದೆ, 33.5. ಮಾನ ಬರೆಯುತ್ತೇನೆ ಮೇಷ್ಟ್ರೇ, ಸೆಕೆಂಡಿಗೆ 33.5 ಮೆಗಾಬೈಟ್, 1024ರ ಲೆಕ್ಕದ್ದು. ಆದರೂ 37.5 ಬರಲಿಲ್ಲ ಅಂತ ಒಂದು ಸಣ್ಣ ಹೊಟ್ಟೆನೋವು.

ಲೆಕ್ಕದ_ಮೇಷ್ಟ್ರು:

ಪೂರ್ತಿ ಅಂಕ.

ಹೊಟ್ಟೆನೋವಿಗೆ ಔಷಧಿ ಇಲ್ಲಿದೆ. 33.5ನ್ನು 1.048576ರಿಂದ ಗುಣಿಸಿ, 35.13. ಅದನ್ನು 8ರಿಂದ ಗುಣಿಸಿ, 281 ಮೆಗಾಬಿಟ್. ಇದು ಗೇಮ್‌ನ ಬಿಟ್ ಮಾತ್ರ. ಇದಕ್ಕೆ ವಿಳಾಸ, ಮುದ್ರೆ, ತಪಾಸಣೆಯ ಭಾರ ಸೇರಿಸಿ, 300ರ ಹತ್ತಿರ ಹೋಗುತ್ತದೆ. ನೀವು ದುಡ್ಡು ಕೊಟ್ಟದ್ದು ಲಾರಿ ಬಾಡಿಗೆಗೆ, ಗೋಣಿಚೀಲದ ತೂಕವೂ ಅದರಲ್ಲೇ. ಬಾಯಿಲೆಕ್ಕಕ್ಕೆ ಒಂದು ಉಪಾಯ ಹೇಳುತ್ತೇನೆ. ಪ್ಲಾನ್ ನಂಬರನ್ನು 9ರಿಂದ ಭಾಗಿಸಿ. 300 ಭಾಗ 9, 33.3. ನೂರು ಭಾಗ 9, 11.1. ನಿಮ್ಮ ಹಳೆ 50 ಭಾಗ 9, 5.6. ಸರಿಯಾಗಿ ಕೂರುತ್ತದೆ. ಎಂಟರಿಂದ ಭಾಗಿಸಿದರೆ ಜಗಳ, ಒಂಬತ್ತರಿಂದ ಭಾಗಿಸಿದರೆ ನೆಮ್ಮದಿ.

ರಾತ್ರಿ_ಪಾಳಿ:

ಒಂಬತ್ತರ ಉಪಾಯ ಸೂಪರ್ ಮೇಷ್ಟ್ರೇ, ಕದಿಯುತ್ತಿದ್ದೇನೆ.

ಡೆಸ್ಕ್_ಅಕ್ಕ_ಹುಬ್ಬಳ್ಳಿ:

ಒಂದು ದಡ್ಡ ಪ್ರಶ್ನೆ. ಫೈಬರ್‌ನಲ್ಲಿ ಬೆಳಕು ಹೋಗುತ್ತದೆ. ಬೆಳಕಿಗಿಂತ ಜೋರು ಯಾವುದೂ ಇಲ್ಲ. ಹಾಗಿದ್ದ ಮೇಲೆ 300, 500 ಅಂತೆಲ್ಲ ಯಾಕೆ? ಎಲ್ಲರಿಗೂ ಒಂದೇ ಸ್ಪೀಡ್ ಅಲ್ವಾ ಬರಬೇಕು?

ಎಳೆ_ಜೋಡಿಸುವವ:

ದಡ್ಡ ಪ್ರಶ್ನೆ ಅಲ್ಲ ಅಕ್ಕ. ಬೆಳಕು ಗಾಜಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಖಾಲಿ ಜಾಗದಲ್ಲಿ 3 ಲಕ್ಷ. ಅದು 50ರ ಪ್ಲಾನ್‌ಗೂ ಒಂದೇ, 1000ದ ಪ್ಲಾನ್‌ಗೂ ಒಂದೇ. ಮೊದಲ ಬಿಟ್ ಎಷ್ಟು ಬೇಗ ತಲುಪುತ್ತದೆ ಅನ್ನುವುದು ಅದು. ಎಂಬಿಪಿಎಸ್ ಹೇಳುವುದು ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ ಬಂದು ಬಿದ್ದವು ಅಂತ.

ಇನ್ನು ಎಳೆಯ ನಿಜವಾದ ಸ್ಪೀಡ್ 300 ಅಲ್ಲವೇ ಅಲ್ಲ. ಜಿಪಾನ್ ಅಂದರೆ ಕೆಳಗೆ ಬರುವಾಗ 2.488 ಗಿಗಾಬಿಟ್, ಮೇಲೆ ಹೋಗುವಾಗ 1.244. ಆಫೀಸಿನಿಂದ ಒಂದೇ ಎಳೆ ಹೊರಡುತ್ತದೆ, ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗೆ ಒಡೆಯುತ್ತದೆ. ಆ 32 ಮನೆಯ ಡೇಟಾವೂ ನಿಮ್ಮ ಬಾಕ್ಸ್‌ವರೆಗೆ ಬರುತ್ತದೆ. ಬಾಕ್ಸ್ ತನ್ನದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. 2488 ಭಾಗ 32 ಅಂದರೆ ಹತ್ತಿರ ಹತ್ತಿರ 78. ಎಲ್ಲಾ ಮನೆಯವರೂ ಒಂದೇ ಕ್ಷಣದಲ್ಲಿ ಜಗ್ಗಿದರೆ ಒಬ್ಬೊಬ್ಬರಿಗೆ 78 ಸಿಗುತ್ತದೆ. ಆದರೆ ಯಾರೂ ಹಾಗೆ ಜಗ್ಗುವುದಿಲ್ಲ, ಅದಕ್ಕೇ 300 ಮಾರುತ್ತಾರೆ.

1024_ಗಟ್ಟಿಗ:

2.488 ಅಂತೆ! ಎರಡೂವರೆ ಅಂತ ಮಾಡಬಾರದಿತ್ತಾ? ಇದೂ 1024ರ ಆಟವೇ ಇರಬೇಕು.

ರಾತ್ರಿ_ಪಾಳಿ:

ಅಲ್ಲ ಸರ್, ಇದು ನನಗೆ ತುಂಬಾ ಇಷ್ಟದ ಲೆಕ್ಕ, ಸ್ವಲ್ಪ ತಾಳ್ಮೆಯಿಂದ ಓದಿ.

ಹಳೆ ಕಾಲದಲ್ಲಿ ಫೋನ್ ಧ್ವನಿಯನ್ನು ನಂಬರ್ ಮಾಡುವಾಗ ಸೆಕೆಂಡಿಗೆ 8000 ಸಲ ಅಳೆಯುತ್ತಿದ್ದರು. ಒಂದೊಂದು ಅಳತೆಗೆ 8 ಬಿಟ್. 8000 ಗುಣಿಸು 8, 64 ಸಾವಿರ ಬಿಟ್. ಒಬ್ಬರ ಮಾತು ಅಂದರೆ 64 ಕೆಬಿಪಿಎಸ್. ಇಂಥ 32 ಸಾಲು ಸೇರಿಸಿದರೆ 2.048 ಎಂಬಿಪಿಎಸ್, ಅದೇ ಇ1 ಲೈನ್. ಬಿಎಸ್‌ಎನ್‌ಎಲ್‌ನ ಹಳಬರನ್ನು ಕೇಳಿ, ಇ1 ಅಂದರೆ ಕಣ್ಣು ಅರಳುತ್ತದೆ.

ಆಮೇಲೆ ಫೈಬರ್ ಬಂತು. ಅದರಲ್ಲಿ ಡೇಟಾವನ್ನು ಒಂದು ಚೌಕಟ್ಟಿನಲ್ಲಿ ತುಂಬಿ ಕಳಿಸಿದರು. 9 ಅಡ್ಡಸಾಲು, 270 ಕಂಬಸಾಲು, ಒಂದೊಂದು ಚೌಕದಲ್ಲಿ ಒಂದು ಬೈಟ್. ಈ ಚೌಕಟ್ಟೂ ಸೆಕೆಂಡಿಗೆ 8000 ಸಲವೇ ಹೊರಡುತ್ತದೆ, ಯಾಕೆಂದರೆ ಫೋನ್ ಮಾತಿನ ತಾಳ ತಪ್ಪಬಾರದು. 270 ಗುಣಿಸು 9 ಗುಣಿಸು 8 ಗುಣಿಸು 8000. ಮಾಡಿ ನೋಡಿ. 15,55,20,000. ಅಂದರೆ 155.52 ಎಂಬಿಪಿಎಸ್. ಎಸ್‌ಟಿಎಂ-1 ಅನ್ನುವುದು ಇದನ್ನೇ. ಇದರ 16 ಪಟ್ಟು 2488.32. ಬಂತಲ್ಲ ನಿಮ್ಮ ಜಿಪಾನ್! ಇದರ 64 ಪಟ್ಟು 9953.28. ಈಗ "10 ಗಿಗ್" ಅಂತ ಬರುತ್ತಿರುವ, ಜಿಪಾನ್‌ನ ಮುಂದಿನ ತಲೆಮಾರಿನ ಎಕ್ಸ್‌ಜಿಎಸ್-ಪಾನ್ ಓಡುವುದು ಆ ಸ್ಪೀಡ್‌ನಲ್ಲಿ, ಸರಿಯಾಗಿ 10 ಅಲ್ಲ.

ಸಾಗರದ ಒಂದು ಮನೆಯಲ್ಲಿ ಗೇಮ್ ಇಳಿಯುತ್ತಿರುವಾಗಲೂ ಆ ಎಳೆಯೊಳಗೆ ಸೆಕೆಂಡಿಗೆ 8000 ಸಲ ಚೌಕಟ್ಟು ಹೊರಡುತ್ತಿದೆ. ಹಳೆ ಕಪ್ಪು ಫೋನಿನ ತಾಳವೇ ಇನ್ನೂ ನಡೆಯುತ್ತಿದೆ ಅಂದುಕೊಂಡರೆ ನನಗೆ ಏನೋ ಖುಷಿ.

1024_ಗಟ್ಟಿಗ:

ಮಾಡಿ ನೋಡಿದೆ. ಬಂತು. ಸರಿ, ಸ್ಪೀಡ್‌ಗೆ 1000 ಒಪ್ಪಿದೆ. ಡಿಸ್ಕ್ ವಿಷಯದಲ್ಲಿ ಮಾತ್ರ ಬಿಡುವುದಿಲ್ಲ.

ನ್ಯೂಜೆರ್ಸಿ_ಸೊಸೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಕೊಳ್ಳಬೇಡಿ. ಮೈಸೂರಿನಲ್ಲಿ ನಾದಿನಿ ಮದುವೆಯ ವಿಡಿಯೊ 40 ಜಿಬಿ ಇದೆ. ಮಾವನವರ ಮನೆಯ ಹಳೇ ಸ್ಟೋರೇಜ್ ಬಾಕ್ಸ್‌ನಿಂದ ಎಳೆದುಕೊಳ್ಳುತ್ತಿದ್ದೇನೆ. ಅಲ್ಲಿ ಅಪ್‌ಲೋಡ್ 100 ಎಂಬಿಪಿಎಸ್, ಇಲ್ಲಿ ನಮ್ಮದು 500. ಬರುತ್ತಿರುವುದು ಸೆಕೆಂಡಿಗೆ 250 ಕಿಲೋಬೈಟ್. 44 ಗಂಟೆ ಅಂತ ತೋರಿಸುತ್ತಿದೆ. 9ರಿಂದ ಭಾಗಿಸಿದರೂ ಸರಿ ಹೋಗುತ್ತಿಲ್ಲ.

ರಾತ್ರಿ_ಪಾಳಿ:

ಅಕ್ಕ, ಪಿಂಗ್, ಅಂದರೆ ಡೇಟಾ ಹೋಗಿ ಬರುವ ಸಮಯ, ಎಷ್ಟಿದೆ?

ನ್ಯೂಜೆರ್ಸಿ_ಸೊಸೆ:

260 ಮಿಲಿಸೆಕೆಂಡ್.

ರಾತ್ರಿ_ಪಾಳಿ:

ಹಾಗಾದರೆ ಇದು ದೂರದ ತೊಂದರೆ. ಹಳೆ ಬಾಕ್ಸ್ ಒಂದು ಸಲಕ್ಕೆ 64 ಕಿಲೋಬೈಟ್ ಕಳಿಸಿ, "ತಲುಪಿತಾ?" ಅಂತ ಕೇಳಿ, ಉತ್ತರ ಬರುವ ತನಕ ಕೈಕಟ್ಟಿ ಕೂರುತ್ತದೆ. ಮೈಸೂರಿನಿಂದ ನಿಮ್ಮಲ್ಲಿಗೆ ಹೋಗಿ ಬರಲು 0.26 ಸೆಕೆಂಡ್. 65,535 ಬೈಟನ್ನು 0.26ರಿಂದ ಭಾಗಿಸಿ, ಸುಮಾರು 2.5 ಲಕ್ಷ ಬೈಟ್. ನಿಮ್ಮ 250 ಕಿಲೋಬೈಟ್ ಅದೇ. 2 ಎಂಬಿಪಿಎಸ್ ಅಷ್ಟೇ. ಈ ಬಾಕ್ಸ್ ಇಟ್ಟುಕೊಂಡು ಪ್ಲಾನ್ 1000 ಮಾಡಿಸಿದರೂ ಅಷ್ಟೇ ಬರುತ್ತದೆ. ಈಗಿನ ಕಂಪ್ಯೂಟರ್‌ಗಳು ಈ 64ನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ. ಮಾವನವರ ಲ್ಯಾಪ್‌ಟಾಪ್‌ಗೆ ಮೊದಲು ಕಾಪಿ ಮಾಡಿಸಿ, ಅಲ್ಲಿಂದ ಎಳೆಯಿರಿ. 100ರಲ್ಲಿ ಪೂರ್ತಿ ಬಂದರೆ ಒಂದು ಗಂಟೆಯ ಆಚೀಚೆ ಮುಗಿಯುತ್ತದೆ.

ನ್ಯೂಜೆರ್ಸಿ_ಸೊಸೆ:

ಮಾವ ಈಗ ವಾಕಿಂಗ್ ಹೋಗಿದ್ದಾರೆ. ಬಂದ ಮೇಲೆ ಹೇಳುತ್ತೇನೆ. ಥ್ಯಾಂಕ್ಸ್ ರೀ.

ಡೆಸ್ಕ್_ಅಕ್ಕ_ಹುಬ್ಬಳ್ಳಿ:

"ಅನ್‌ಲಿಮಿಟೆಡ್" ಅಂತ ಬರೆದು ಕೆಳಗೆ ಸಣ್ಣಕ್ಷರದಲ್ಲಿ ತಿಂಗಳಿಗೆ 3300 ಜಿಬಿ ಅಂತ ಇರುತ್ತದಲ್ಲ, ಅದು ಯಾವ ಬಿ?

ಲೆಕ್ಕದ_ಮೇಷ್ಟ್ರು:

ಅದು ಬೈಟ್ ತಾಯೀ. ಎಷ್ಟು ಹೊತ್ತಿಗೆ ಖಾಲಿ ಆಗುತ್ತದೆ ಅಂತ ಕುತೂಹಲಕ್ಕೆ ಲೆಕ್ಕ ಹಾಕಿದೆ. 3300 ಗಿಗಾಬೈಟ್ ಗುಣಿಸು 8, 26,400 ಗಿಗಾಬಿಟ್. ಸೆಕೆಂಡಿಗೆ 0.3 ಗಿಗಾಬಿಟ್‌ನಂತೆ ಭಾಗಿಸಿದರೆ 88,000 ಸೆಕೆಂಡ್. ದಿನಕ್ಕೆ 86,400 ಸೆಕೆಂಡ್. 300ರ ಪ್ಲಾನ್ ಹಾಕಿಸಿಕೊಂಡು ನಲ್ಲಿ ಪೂರ್ತಿ ಬಿಟ್ಟರೆ ತಿಂಗಳ ಕೋಟಾ ಒಂದು ದಿನ, ಮೇಲೆ 27 ನಿಮಿಷದಲ್ಲಿ ಮುಗಿಯುತ್ತದೆ. ಮೂರು ಸಲ ತಾಳೆ ನೋಡಿದೆ.

ಬೆಣ್ಣೆದೋಸೆ_ದಾವಣಗೆರೆ:

ಏನು ಅನ್‌ಲಿಮಿಟೆಡ್ ಅದು ಮತ್ತೆ.

ಸಾಗರದ_ಹುಡುಗ:

ಕೊನೆಯದೊಂದು. ಅಪ್ಪನಿಗೆ ವಿಷಯ ಗೊತ್ತಾಯಿತು. "ನಿನ್ನ ರೂಮಿಗೆ ಮಾತ್ರ ಹೊಸ ಪ್ಲಗ್, ದುಡ್ಡು ಕೊಟ್ಟವನ ಟಿವಿಗೆ ಇಲ್ಲವಾ" ಅಂದರು. ಟಿವಿಗೂ ಹೊಸ ಕ್ಯಾಟ್ 6 ವೈರ್ ತಂದು ಎಳೆದೆ. ಟಿವಿಯಲ್ಲಿ ಸ್ಪೀಡ್ ಟೆಸ್ಟ್ ಹಾಕಿದರೆ 94. ಎಂಟೂ ತಂತಿ ನಾನೇ ಕಣ್ಣಾರೆ ನೋಡಿದ್ದೇನೆ. ಅಪ್ಪ ಸೋಫಾದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾರೆ.

ಎಳೆ_ಜೋಡಿಸುವವ:

ವೈರ್ ತಪ್ಪಲ್ಲ. ಟಿವಿಯ ಪೋರ್ಟೇ 100ರದ್ದು. ತುಂಬಾ ಟಿವಿಗಳಲ್ಲಿ ಹಾಗೇ ಕೊಡುತ್ತಾರೆ, 4ಕೆ ಸಿನಿಮಾಗೆ 25 ಇದ್ದರೆ ಧಾರಾಳ ಅಂತ. ಜಾಸ್ತಿ ನಂಬರ್ ಬೇಕೇ ಬೇಕು ಅಂದರೆ ವೈರ್ ಕಿತ್ತು 5 ಗಿಗಾಹರ್ಟ್ಸ್ ವೈಫೈ ಹಾಕಿ ತೋರಿಸಿ.

ಸಾಗರದ_ಹುಡುಗ:

ಹಾಕಿ ತೋರಿಸಿದೆ. 240 ಬಂತು. "ಮತ್ತೆ ವೈರ್ ಯಾಕೆ ತಂದೆ?" ಅಂತ ಕೇಳುತ್ತಿದ್ದಾರೆ.